ಗಾಳ ಹಾಕೋರು ಕೆರೆಗೆ ಇಳಿಯೋ ಮುಂಚೆ ಇದನ್ನೊಮ್ಮೆ ಓದಿ

ಗುಬ್ಬಿ ಕಡೆಯ ಒಂದು ಕೆರೆಯಲ್ಲಿ ಕಳೆದ ಅಕ್ಟೋಬರ್‌ನಲ್ಲಿ ನಾನು ಮುಳುಗಿ ಹೋಗಿಬಿಡಬೇಕಿತ್ತು. ಎಮ್ಮೆ ಕಟ್ಟೋ ಹಗ್ಗವೊಂದು ಕೈಗೆ ಸಿಕ್ಕಿತು, ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ. ಕೆರೆ ಹೆಸರು ಬೇಡ. ಹೆಸರು ಹೇಳಿದರೆ "ಓ, ಆ ಕೆರೆಯಾ" ಅಂದುಕೊಂಡು ನೀವು ಧೈರ್ಯವಾಗಿ ಪಕ್ಕದ ಕೆರೆಗೆ ಇಳಿಯುತ್ತೀರಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಎಲ್ಲೇ ಹೋಗಿ, ಮಣ್ಣು ತೆಗೆದ ಗುಂಡಿ ನಮ್ಮ ಕಡೆ ಕೆರೆಗಳಲ್ಲಿ ಹೊಸದೇನಲ್ಲ.

ನಾನೂ ನಮ್ಮ ಭಾವನೂ ಭಾನುವಾರ ಬೆಳಿಗ್ಗೆ ಆರಕ್ಕೇ ಹೋಗಿದ್ದೆವು. ಮೀನು ಗುತ್ತಿಗೆ ಹಿಡಿದವರನ್ನು ಕೇಳಿ, ದುಡ್ಡು ಕೊಟ್ಟೇ ಕೂತಿದ್ದು. ಹೇಮಾವತಿ ನೀರು ಬಿಟ್ಟು ಒಂದು ತಿಂಗಳಾಗಿತ್ತು. ಬೇಸಿಗೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದ ಜಾಗವೆಲ್ಲ ನೀರು. ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಕಲಸಿ, ಉಂಡೆ ಕಟ್ಟಿ ಹಾಕಿದ್ದೆ. ಬೇಕಾಗಿದ್ದದ್ದು ಗೆಂಡೆ. ಕಾಟ್ಲಾ ಮೇಲುಮೇಲೆ ತಿನ್ನುತ್ತೆ, ರೋಹು ನಡುನೀರಲ್ಲಿ. ಗೆಂಡೆ ಹಾಗಲ್ಲ, ತಳದ ಕೆಸರು ಕೆದಕಿಕೊಂಡು ತಿನ್ನೋ ಮೀನು.

ಎಂಟರ ಹೊತ್ತಿಗೆ ಎಳೆಯಿತು. ರೀಲು ಕಿರ್ ಅಂತ ಬಿಚ್ಚಿಕೊಳ್ಳುತ್ತಲೇ ಹೋಯಿತು. ಮೂರು ಕೆಜಿಗೆ ಕಡಿಮೆ ಇರಲಿಲ್ಲ ಅಂತ ಈಗಲೂ ಹೇಳುತ್ತೇನೆ. ಭಾವ ಒಪ್ಪಲ್ಲ, ಬಿಡಿ. ಅದು ನೇರವಾಗಿ ಮುಳುಗಿದ್ದ ಬಳ್ಳಾರಿ ಜಾಲಿ ಬೊಡ್ಡೆಗೆ ಹೋಗಿ ದಾರ ಸುತ್ತಿಕೊಂಡಿತು. ದಡದಿಂದ ಹದಿನೈದು ಹೆಜ್ಜೆ ಇರಬಹುದು. ನೀರು ಮೊಣಕಾಲುದ್ದ ಅಷ್ಟೇ. ರಾಡು ಭಾವನ ಕೈಗೆ ಕೊಟ್ಟು ನಾನು ಇಳಿದೆ.

ಆಗ ಏರಿ ಮೇಲಿಂದ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಜ್ಜ ಒಬ್ಬರು ಕೈ ಎತ್ತಿ ಏನೋ ಕೂಗಿದರು. ಗಾಳಿಗೆ ಕೇಳಿಸಲಿಲ್ಲ. ಮೀನು ಬಿತ್ತಾ ಅಂತ ಕೇಳುತ್ತಿದ್ದಾರೆ ಅಂದುಕೊಂಡು ನಾನೂ ಕೈ ಬೀಸಿ "ಬಿದ್ದೈತೆ ಅಜ್ಜ, ದೊಡ್ಡದು" ಅಂತ ಕೂಗಿದೆ. ಅವರು ಹೇಳುತ್ತಿದ್ದದ್ದು "ಗುಂಡಿ" ಅಂತ.

ಮೊಣಕಾಲುದ್ದ, ತೊಡೆಯುದ್ದ, ಆಮೇಲೆ ಕಾಲಿಗೆ ಏನೂ ಸಿಗಲಿಲ್ಲ. ಜಾರಿದ್ದೂ ಅಲ್ಲ. ಮೆಟ್ಟಿಲು ಇದೆ ಅಂದುಕೊಂಡು ಕಾಲಿಟ್ಟಾಗ ಮೆಟ್ಟಿಲು ಇಲ್ಲದಿದ್ದರೆ ಹೇಗಾಗುತ್ತೆ, ಹಾಗೆ. ನನಗೆ ಈಜು ಬರುತ್ತೆ. ಚಿಕ್ಕವನಿದ್ದಾಗ ಸೋರೆ ಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತವನು. ಆದರೆ ಕಾಲಲ್ಲಿ ಗಂಬೂಟು ಇತ್ತು, ಅದರೊಳಗೆ ನೀರು ತುಂಬಿದ ಮೇಲೆ ಒದೆಯೋಕೇ ಆಗಲಿಲ್ಲ. ಹೆಗಲಿಗೆ ಅಡ್ಡ ಹಾಕಿದ್ದ ಬ್ಯಾಗಲ್ಲಿ ಸೀಸದ ಗುಂಡುಗಳು. ಮೇಲೆ ಬಂದು ಅಂಚು ಹಿಡಿಯೋಕೆ ಹೋದರೆ ಅದು ಗೋಡೆ. ಜೇಡಿಮಣ್ಣಿನ ಗೋಡೆ. ಹಿಡಿದಷ್ಟೂ ಬೆಣ್ಣೆ ಥರ ಕೈಗೆ ಬರುತ್ತೆ. ಉಗುರಿನೊಳಗೆ ತುಂಬಿದ್ದ ಆ ಬೂದು ಮಣ್ಣು ಎರಡು ದಿನ ಹೋಗಲಿಲ್ಲ.

ಭಾವನಿಗೆ ಈಜು ಬರಲ್ಲ. ಅವರು ಧುಮುಕದೇ ಇದ್ದದ್ದೇ ದೊಡ್ಡ ಪುಣ್ಯ. ಬಲೆ ಕೋಲು ಚಾಚಿದರು. ಎಳೆದು ಉದ್ದ ಮಾಡೋ ಕೋಲು ಅದು, ನಾನು ಜಗ್ಗಿದ ಕೂಡಲೇ ಎರಡು ತುಂಡಾಗಿ ನನ್ನ ಕೈಯಲ್ಲೇ ಉಳಿಯಿತು. ಅಷ್ಟರಲ್ಲಿ ಅಜ್ಜ ಓಡಿ ಬಂದು ಎಮ್ಮೆ ಕೊರಳಿನ ಹಗ್ಗ ಬಿಚ್ಚಿ ಎಸೆದರು. ಇಬ್ಬರೂ ಸೇರಿ ಎಳೆದರು. ದಡದಲ್ಲಿ ಕೆಮ್ಮುತ್ತಾ ಕೂತಿದ್ದಾಗ ಅವರು ಬೈದದ್ದು: "ಇಟ್ಟಿಗೆಗೆ ಅಂತ ಮಣ್ಣು ಹೊಡ್ದವ್ರೆ ಕಣಪ್ಪ ಇಲ್ಲಿ. ಹೋದ್ವರ್ಷ ನನ್ನ ಕರೂನೂ ಇಲ್ಲೇ ಹೋಯ್ತು. ಕೂಗಿದ್ರೆ ಕೈ ಬೀಸ್ತೀಯಲ್ಲ!"

ಆಮೇಲೆ ಯೋಚಿಸಿದಾಗ ಗೊತ್ತಾಗಿದ್ದು ಇದು. ನಮ್ಮ ಹಳೇ ಕೆರೆಗಳು ಅಂಗಳದ ಕಡೆಯಿಂದ ನಿಧಾನಕ್ಕೆ ಇಳಿಜಾರಾಗಿ, ಏರಿ ಹತ್ತಿರ, ತೂಬಿನ ಮುಂದೆ ಆಳ ಆಗುತ್ತವೆ. ನಮ್ಮ ತಲೆಯಲ್ಲಿ ಇರೋದು ಆ ಕೆರೆಯೇ. ಅಂಗಳದ ಕಡೆ ಇಳಿದರೆ ಭಯ ಇಲ್ಲ ಅಂತ ಅಪ್ಪಂದಿರು ಹೇಳಿಕೊಟ್ಟಿದ್ದೂ ಅದನ್ನೇ. ಹೊಲಕ್ಕೆ ಹೂಳು ಹೊಡೆಯೋ ರೈತರು ಮೇಲುಮೇಲೆ ಕೆರೆದು ಒಯ್ಯುತ್ತಾರೆ, ಇಳಿಜಾರು ಕೆಡಲ್ಲ. ಮಾರೋಕೆ ತೆಗೆಯೋರು ಜೆಸಿಬಿ ತಂದು ಒಂದೇ ಕಡೆ ನೆಟ್ಟಗೆ ಕೆಳಗೆ ಇಳಿಸುತ್ತಾರೆ. ಲಾರಿಗೆ ಹತ್ತಿರ ಆಗಲಿ ಅಂತ ಅದನ್ನೂ ಅಂಗಳದ ಅಂಚಲ್ಲೇ. ಕದಡಿದ ನೀರು ತುಂಬಿದ ಮೇಲೆ ಮೊಣಕಾಲುದ್ದವೂ ಹದಿನೈದು ಅಡಿಯೂ ಒಂದೇ ಥರ ಕಾಣುತ್ತೆ. ಇನ್ನೊಂದು ವಿಷಯ ನಮ್ಮಂಥವರಿಗೇ ಅಂತ ಇದೆ: ಬಿಸಿಲಿಗೆ ಮೀನು ಹೋಗಿ ಸೇರೋದೂ ಅದೇ ಗುಂಡಿಗೆ. ಒಳ್ಳೇ ಸ್ಪಾಟು ಅಂತ ನಾವು ಒಬ್ಬರಿಗೊಬ್ಬರು ಗುಟ್ಟಾಗಿ ಹೇಳಿಕೊಳ್ಳೋ ಜಾಗ ಎಷ್ಟೋ ಸಲ ಇದೇ ಆಗಿರುತ್ತೆ.

ಹಾಗಾಗಿ ಊರವರನ್ನು ಕೇಳುವಾಗ "ಮೀನು ಎಲ್ಲಿ ಬೀಳುತ್ತೆ" ಅಂತ ಶುರು ಮಾಡಬೇಡಿ. "ಮಣ್ಣು ಎಲ್ಲಿ ತೆಗೆದಿದ್ದಾರೆ" ಅಂತ ಕೇಳಿ. ದನ ಕಾಯೋರಿಗೆ, ಬಟ್ಟೆ ಒಗೆಯೋರಿಗೆ ಚೆನ್ನಾಗಿ ಗೊತ್ತಿರುತ್ತೆ. ಗುತ್ತಿಗೆಯವರು ನಮಗೆ ಒಂದು ಮಾತೂ ಹೇಳಿರಲಿಲ್ಲ. ಲಾರಿ, ಟ್ರ್ಯಾಕ್ಟರ್ ಚಕ್ರದ ಜಾಡು ನೀರೊಳಗೆ ಹೋಗಿ ಮರೆಯಾಗಿದ್ದರೆ ಆ ಕಡೆ ಹೋಗಲೇಬೇಡಿ. ಜೊಂಡು ಬೆಳೆದದ್ದು ಗೆರೆ ಎಳೆದ ಹಾಗೆ ಒಂದೇ ಸಲ ನಿಂತಿದ್ದರೂ ಅಷ್ಟೇ. ಗೂಗಲ್ ಅರ್ಥ್‌ನಲ್ಲಿ ಹಳೇ ಬೇಸಿಗೆಯ ಚಿತ್ರ ತೆಗೆದು ನೋಡಿದರೆ ಚೌಕ ಚೌಕವಾಗಿ ಗುಂಡಿ ಕಾಣುತ್ತೆ. ನಾನು ಈಗ ಹೊಸ ಕೆರೆಗೆ ಹೋಗೋ ಮುಂಚೆ ಅದನ್ನೇ ಮೊದಲು ನೋಡೋದು. ಜೊತೆಗೆ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು, ಮುಚ್ಚಳ ಬಿಗಿಯಾಗಿ ಹಾಕಿ, ಹಿಡಿಗೆ ಹದಿನೈದು ಮೀಟರ್ ಹಗ್ಗ ಕಟ್ಟಿ ಇಟ್ಟುಕೊಂಡಿರುತ್ತೇನೆ. ಎಸೆದರೆ ತೇಲುತ್ತೆ. ಗಂಬೂಟು ಹಾಕೋದು ಬಿಟ್ಟೆ. ದಾರ ಸಿಕ್ಕಿಕೊಂಡರೆ ಕತ್ತರಿಸುತ್ತೇನೆ. ಒಂದು ಗಾಳಕ್ಕೆ ಎಷ್ಟು ಮಹಾ ದುಡ್ಡು?

ಮೇ ತಿಂಗಳಲ್ಲಿ ಕೆರೆ ಒಣಗಿದಾಗ ಭಾವನನ್ನು ಕರೆದುಕೊಂಡು ಮತ್ತೆ ಹೋಗಿದ್ದೆ. ಜಾಲಿ ಬೊಡ್ಡೆಗೆ ನನ್ನ ದಾರ ಸುತ್ತಿಕೊಂಡೇ ಇತ್ತು. ಅದಕ್ಕಿಂತ ಮೂರು ಹೆಜ್ಜೆ ಈಚೆಗೆ ಗುಂಡಿ. ಗೋಡೆ ಮೇಲೆ ಜೆಸಿಬಿ ಹಲ್ಲಿನ ಗೀರು ಹಾಗೇ ಒಣಗಿ ಕೂತಿತ್ತು. ಭಾವ ಆಚೆ ಕಡೆಯಿಂದ ಒಳಗಿಳಿದು ಕೈ ಮೇಲೆ ಚಾಚಿ ನಿಂತರು. ಐದಡಿ ಎಂಟಿಂಚಿನ ಮನುಷ್ಯ. ಬೆರಳ ತುದಿ ಅಂಚಿಗೆ ಇನ್ನೂ ಅರ್ಧ ಆಳಿನಷ್ಟು ಕೆಳಗೇ ಇತ್ತು.

ಅವತ್ತೇ ನಾಲ್ಕು ಮೂಲೆಗೂ ಉದ್ದದ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿ ಬಂದಿದ್ದೆವು. ಮೊನ್ನೆ ಅಜ್ಜನಿಗೆ ಫೋನ್ ಮಾಡಿದ್ದೆ. ಬಿದಿರನ್ನು ಯಾರೋ ಬೇಲಿಗೆ ಅಂತ ಕಿತ್ತುಕೊಂಡು ಹೋಗಿದ್ದಾರಂತೆ.