ಎಸ್.ಪಿ. ರಸ್ತೆಯ ಲ್ಯಾಪ್‌ಟಾಪ್ ಅಂಗಡಿ: ಕೇಳಿ ಹಾಕಿಕೊಡುವವರು

ಮಗಳು ಈ ವರ್ಷ ಸೆಕೆಂಡ್ ಪಿಯುಸಿ. ಅವಳಿಗೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬೇಕಿತ್ತು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಎಸ್.ಪಿ. ರಸ್ತೆಗೆ ನಡೆದೆವು. ಮೊದಲ ಮಹಡಿಯ ಪುಟ್ಟ ಅಂಗಡಿ. ಮೆಟ್ಟಿಲು ಕಿರಿದು, ವಯಸ್ಸಾದವರಿಗೆ ಕಷ್ಟ. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವುದು 19,500 ರೂಪಾಯಿಗೆ ಸಿಕ್ಕಿತು. ಚೌಕಾಸಿ ಮಾಡಿದ್ದಕ್ಕೆ ಒಂದು ಬ್ಯಾಗ್ ಸೇರಿಸಿ ಕೊಟ್ಟರು.

ನನಗೆ ತುಂಬ ಇಷ್ಟವಾದದ್ದು ಆಮೇಲಿನದು. ಕೌಂಟರಿನ ಹುಡುಗ ನನ್ನನ್ನು ಬಿಟ್ಟು ಮಗಳನ್ನೇ ಕೇಳಿದ: "ವಿಂಡೋಸ್ ಹಾಕ್ಲಾ, ಉಬುಂಟು ಹಾಕ್ಲಾ? ಬ್ರೌಸರ್ ಯಾವುದು ಬೇಕು?" ಉಬುಂಟು ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್.

1998ರಲ್ಲಿ ನಾನು ರಾಜಾಜಿನಗರದಲ್ಲಿ ಸೈಬರ್ ಸೆಂಟರ್ ಇಟ್ಟಿದ್ದೆ. 6 ಕಂಪ್ಯೂಟರ್. ವಿಂಡೋಸ್ 98 ಹಾಕಿದರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ ಅದರ ಜೊತೆಗೇ ಬರುತ್ತಿತ್ತು. ಆಗಿನ ಇನ್ನೊಂದು ಬ್ರೌಸರ್ ನೆಟ್‌ಸ್ಕೇಪ್ ಬೇಕೆಂದರೆ ಡಯಲಪ್‌ನಲ್ಲಿ ಗಂಟೆಗಟ್ಟಲೆ ಕಾಯಬೇಕು, ಇಲ್ಲವೇ ಮ್ಯಾಗಜೀನ್ ಜೊತೆ ಬರುವ ಸಿಡಿ ಹುಡುಕಬೇಕು. ನಾನು ಕಷ್ಟಪಟ್ಟು ಎರಡನ್ನೂ ಹಾಕಿದ್ದೆ. ಬಂದವರೆಲ್ಲ ಎಕ್ಸ್‌ಪ್ಲೋರರ್‌ನ ಆ ನೀಲಿ 'ಇ' ಮೇಲೇ ಒತ್ತುತ್ತಿದ್ದರು. ಮೊದಲೇ ಕೂತಿದ್ದು ಅದು, ಅಷ್ಟೇ ಕಾರಣ. ಹೀಗೆ ವಿಂಡೋಸ್ ಜೊತೆಗೇ ಬ್ರೌಸರ್ ಕಟ್ಟಿಕೊಟ್ಟು ಪೈಪೋಟಿ ತಡೆಯುತ್ತಿದೆ ಅಂತ ಅದೇ ವರ್ಷ ಅಮೆರಿಕ ಸರ್ಕಾರ ವಿಂಡೋಸ್ ಮಾಡುವ ಮೈಕ್ರೋಸಾಫ್ಟ್ ಮೇಲೆ ಕೇಸು ಹಾಕಿತು. 2000ದಲ್ಲಿ ನ್ಯಾಯಾಧೀಶ ಜಾಕ್ಸನ್ ಕಂಪನಿಯನ್ನು ಎರಡಾಗಿ ಒಡೆಯಲು ಹೇಳಿದರು. 2001ರಲ್ಲಿ ಮೇಲಿನ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ನಾನು ಓದುತ್ತಿದ್ದ ಪೇಪರ್‌ಗಳಲ್ಲಿ ಷೇರು ಎಷ್ಟು ಬಿತ್ತು, ಬಿಲ್ ಗೇಟ್ಸ್‌ಗೆ ಎಷ್ಟು ನಷ್ಟ ಅನ್ನುವುದೇ ಜಾಸ್ತಿ. ಆ ನೀಲಿ 'ಇ' ಬಗ್ಗೆ ಓದಿದ ನೆನಪೇ ಇಲ್ಲ.

2022ರ ಅಕ್ಟೋಬರ್‌ನಲ್ಲೂ ಹಾಗೇ ಅನಿಸಿತು. ಆಂಡ್ರಾಯ್ಡ್ ವಿಷಯದಲ್ಲಿ, ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯೇ ಅಂತ ನೋಡುವ ನಮ್ಮ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ದಂಡ ಹಾಕಿತು. ನಾನು ನೋಡಿದ ಹೆಡ್‌ಲೈನ್‌ಗಳಲ್ಲೆಲ್ಲ ಆ ಮೊತ್ತ. ಫೋನ್ ಜೊತೆಗೇ ಬರುವ ಗೂಗಲ್ ಆ್ಯಪ್‌ಗಳನ್ನು ತೆಗೆದುಹಾಕಲು ಜನರಿಗೆ ಬಿಡಬೇಕು ಅಂತಲೂ ಆದೇಶದಲ್ಲಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿತು. ಆದರೆ ಇದೂ ಸೇರಿ 4 ನಿರ್ದೇಶನಗಳನ್ನು ಕೈಬಿಟ್ಟಿತು. ದಂಡ ಸರ್ಕಾರಕ್ಕೆ ಹೋಗುತ್ತದೆ. ಫೋನ್ ಹಿಡಿದವರಿಗೆ ಬೇಕಿದ್ದದ್ದು ಈ ನಿರ್ದೇಶನ, ಅಲ್ವಾ? ಪತ್ರಿಕೆಗಳು ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

ಹಾಗಾಗಿ ಆ ಹುಡುಗನ ಪ್ರಶ್ನೆ ಕೇಳಿ ಮನಸ್ಸು ತುಂಬಿತು. ಮಗಳು ಉಬುಂಟು, ಫೈರ್‌ಫಾಕ್ಸ್ ಅಂದಳು. ಹಾಕಿಕೊಟ್ಟ. ಸರ್ಚ್ ಎಂಜಿನ್ ಬದಲಾಯಿಸುವುದು ಹೇಗೆ ಅಂತ ಅವಳ ಕೈಯಲ್ಲೇ ಮಾಡಿಸಿದ. ಕನ್ನಡ ಕೀಬೋರ್ಡ್ ಕೂಡ ಸೆಟ್ ಮಾಡಿದ. ಇದಕ್ಕೆಲ್ಲ ಬೇರೆ ದುಡ್ಡು ತಗೊಳ್ಳಲಿಲ್ಲ.

ಕೊರತೆ ಎರಡು. ಬ್ಯಾಟರಿ ಒಂದೂವರೆ ಗಂಟೆ ಮಾತ್ರ ಬರುತ್ತದೆ. ಮನೆಯ ಹಳೇ ಪ್ರಿಂಟರ್ ಓಡಲಿಲ್ಲ, ಅದಕ್ಕಾಗಿ ಇನ್ನೊಂದು ಸಲ ಹೋಗಬೇಕಾಯಿತು. ಅರ್ಧ ಗಂಟೆ ಕೂತು ಸರಿ ಮಾಡಿಕೊಟ್ಟರು.

6 ತಿಂಗಳ ವಾರಂಟಿಯನ್ನು ಬಿಲ್ ಮೇಲೆ ಕೈಯಲ್ಲಿ ಬರೆದುಕೊಡುತ್ತಾರೆ, ಸೀಲ್ ಹಾಕಿಸಿಕೊಳ್ಳಿ. ಭಾನುವಾರ ರಜೆ. ಏನೇನು ಬೇಕು ಅಂತ ಮನೆಯಲ್ಲೇ ಯೋಚಿಸಿಕೊಂಡು ಹೋಗಿ, ಅಲ್ಲಿ ಕೇಳಿಯೇ ಕೇಳುತ್ತಾರೆ.