ನೂರು ಜನರ ಹಡಗು, ಹದಿನಾರು ಜನರ ದೋಣಿ, ದಡದ ಮೇಲಿನ ಕೋಣೆ: ಗಲಾಪಗೋಸ್‌ನಲ್ಲಿ ನನಗೆ ಸಿಕ್ಕಿದ್ದೇನು?

ಪೆಸಿಫಿಕ್ ಸಾಗರದಲ್ಲಿ ಈಕ್ವೆಡಾರ್ ದೇಶಕ್ಕೆ ಸೇರಿದ ಗಲಾಪಗೋಸ್ ದ್ವೀಪಗಳಿಗೆ ಹೋಗಿ ಬಂದೆ ಎಂದರೆ ಮೈಸೂರಿನಲ್ಲಿ ನಮ್ಮ ಬೀದಿಯವರು ಕೇಳುವುದು ಎರಡೇ ಪ್ರಶ್ನೆ. ಹಡಗಿನ ಕೋಣೆ ಹೇಗಿತ್ತು? ಊಟಕ್ಕೆ ಏನು ಮಾಡಿದಿರಿ? ಎರಡಕ್ಕೂ ಉತ್ತರವಿದೆ, ಹೇಳುತ್ತೇನೆ. ಆದರೆ ಹಣ ಕಟ್ಟುವ ಮೊದಲು ಕೇಳಬೇಕಾದದ್ದು ಬೇರೆ: ಈ ಹಡಗು ಯಾವ ಯಾವ ದ್ವೀಪಕ್ಕೆ ಹೋಗುತ್ತದೆ, ರಾತ್ರಿ ಎಷ್ಟು ಗಂಟೆ ತೆರೆದ ಕಡಲಿನಲ್ಲಿ ಓಡುತ್ತದೆ? ಮೊದಲ ಸಲ ನಾನು ಇದನ್ನು ಕೇಳಲಿಲ್ಲ. ಹೊಳೆಯುವ ಚಿತ್ರಗಳನ್ನು ನೋಡಿ ಒಪ್ಪಿಕೊಂಡಿದ್ದೆ.

ಆ ಮೊದಲ ಸಲ 2019ರ ಮೇ ತಿಂಗಳು. ಹ್ಯೂಸ್ಟನ್‌ನಲ್ಲಿರುವ ಮಗಳು, ನಮ್ಮ ಯಜಮಾನರು, ನಾನು, ಮೂವರೂ ಸುಮಾರು ನೂರು ಪ್ರಯಾಣಿಕರ ಹಡಗಿನಲ್ಲಿ ಐದು ದಿನ ಇದ್ದೆವು. ಎರಡನೆಯ ಸಲ 2024ರ ಸೆಪ್ಟೆಂಬರ್. ಮಗಳು ಮತ್ತು ನಾನು ಹದಿನಾರು ಜನರ ದೋಣಿಯಲ್ಲಿ ಎಂಟು ದಿನ ಕಳೆದು, ಅದು ಮುಗಿದ ಮೇಲೆ ದಡದಲ್ಲೇ ಐದು ದಿನ ಕೋಣೆ ಹಿಡಿದು ಉಳಿದೆವು. ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿ, ವಿಕಾಸವಾದ ಕಲಿಸಲು ಕಪ್ಪುಹಲಗೆಯ ಮೇಲೆ ಇದೇ ದ್ವೀಪಗಳ ಫಿಂಚ್ ಹಕ್ಕಿಗಳ ಕೊಕ್ಕು ಬರೆದು ಬರೆದು ಕೈ ಸೋತವಳು ನಾನು. ಹೀಗಾಗಿ ನನ್ನ ಅಭಿಪ್ರಾಯ ಪ್ರಾಣಿಗಳ ಕಡೆಗೆ ವಾಲುತ್ತದೆ. ಸ್ನಾನದ ತೊಟ್ಟಿಯ ಅಂದಚೆಂದದ ಬಗ್ಗೆ ತಿಳಿಯಬೇಕಾದವರು ಬೇರೆಯವರನ್ನು ಕೇಳಿ.

ನೂರು ಜನರ ಹಡಗು ಎಂದರೆ ನೂರು ಜನವೂ ಒಟ್ಟಿಗೆ ದ್ವೀಪಕ್ಕೆ ನುಗ್ಗುತ್ತಾರೆ ಎಂದೇ ನಾನು ಹೆದರಿದ್ದೆ. ಹಾಗೇನಿಲ್ಲ. ರಾಷ್ಟ್ರೀಯ ಉದ್ಯಾನದ ನಿಯಮದಂತೆ ಒಬ್ಬ ಮಾರ್ಗದರ್ಶಿಯ ಹಿಂದೆ ಹದಿನಾರಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಅಲ್ಲಿಗೆ ಬರುವ ಅತಿ ದೊಡ್ಡ ಹಡಗಿನಲ್ಲೂ ನೂರರ ಮೇಲೆ ಪ್ರಯಾಣಿಕರಿರುವುದಿಲ್ಲ. ಕಾಲುದಾರಿಗೆ ಬಂದ ಮೇಲೆ ಎರಡೂ ಒಂದೇ: ಅದೇ ಹದಿನಾರು ಜನ, ಪ್ರಾಣಿಗಳಿಂದ ಅದೇ ಎರಡು ಮೀಟರ್ ದೂರ, ಬೆಳಿಗ್ಗೆ ಆರರಿಂದ ಸಂಜೆ ಆರರವರೆಗಿನ ಅದೇ ಸಮಯ. ವ್ಯತ್ಯಾಸವಿರುವುದು ಕಾಯುವುದರಲ್ಲಿ. ದೊಡ್ಡ ಹಡಗಿನಲ್ಲಿ ನಮ್ಮನ್ನು ಗುಂಪುಗಳಾಗಿ ಹಂಚಿ, ಧ್ವನಿವರ್ಧಕದಲ್ಲಿ ಸರದಿ ಕೂಗುತ್ತಿದ್ದರು. ಕೊನೆಯ ಸರದಿ ಬಂದ ದಿನ ಜೀವರಕ್ಷಕ ಅಂಗಿ ತೊಟ್ಟು ಮುಕ್ಕಾಲು ಗಂಟೆ ಕುಳಿತಿದ್ದೆವು, ಛತ್ರದಲ್ಲಿ ಎರಡನೆಯ ಪಂಕ್ತಿಗೆ ಕಾದ ಹಾಗೆ. ಚಿಕ್ಕ ದೋಣಿಯಲ್ಲಿ ಎರಡು ಪಾಂಗಗಳಿದ್ದವು. ದಡಕ್ಕೆ ಒಯ್ಯುವ ರಬ್ಬರ್ ದೋಣಿಗೆ ಅಲ್ಲಿ ಪಾಂಗ ಎನ್ನುತ್ತಾರೆ. ತಲಾ ಎಂಟು ಜನ ಹತ್ತಿದರೆ ಹತ್ತು ನಿಮಿಷದಲ್ಲಿ ಎಲ್ಲರೂ ದಡದಲ್ಲಿ.

ದಿನಚರಿ ಎರಡರಲ್ಲೂ ಒಂದೇ ಬಗೆಯದು, ಎರಡರಲ್ಲೂ ವಿಶ್ರಾಂತಿ ಎಂಬುದಿಲ್ಲ. ಆರೂವರೆಗೆ ಗಂಟೆ ಬಾರಿಸುತ್ತಾರೆ, ಎಂಟಕ್ಕೆ ಮೊದಲ ನಡಿಗೆ, ಹತ್ತೂವರೆಗೆ ಈಜು, ಊಟ, ಸಣ್ಣ ನಿದ್ದೆ, ಮತ್ತೆ ಈಜು, ಮತ್ತೆ ನಡಿಗೆ, ಸಂಜೆ ಮರುದಿನದ ವಿವರಣೆ. ರಾತ್ರಿ ಒಂಬತ್ತಕ್ಕೆ ಎಲ್ಲರ ದೀಪ ಆರಿರುತ್ತದೆ. ಇಳಿಯುವುದರಲ್ಲೂ ಎರಡು ಬಗೆ: ಬಂಡೆಯ ಮೇಲೆ ಕಾಲಿಡುವುದು ಒಣ ಇಳಿತ, ಮೊಣಕಾಲುದ್ದ ನೀರಿಗೆ ಜಾರುವುದು ಒದ್ದೆ ಇಳಿತ. ಪಾಂಗ ಹತ್ತುವಾಗ ನಾವಿಕನ ಅಂಗೈ ಹಿಡಿಯಬಾರದು, ಮುಂಗೈ ಹಿಡಿಯಬೇಕು. ಅಲೆ ಎತ್ತಿ ಹಾಕಿದರೂ ಆ ಹಿಡಿತ ಬಿಡುವುದಿಲ್ಲ.

ನಮ್ಮ ಯಜಮಾನರ ಮೊಣಕಾಲು ಕೆಟ್ಟಿದೆ. ಅವರಂಥವರಿಗೆ ದೊಡ್ಡ ಹಡಗೇ ಸರಿ, ಇದರಲ್ಲಿ ನನಗೆ ಎರಡು ಮಾತಿಲ್ಲ. ಪಾಂಗ ಹತ್ತುವ ಜಾಗ ಅಗಲವಾಗಿತ್ತು, ಹಡಗು ಅಲುಗುತ್ತಿದ್ದುದು ಕಡಿಮೆ, ಮೇಲೆ ಒಬ್ಬ ವೈದ್ಯರೂ ಇದ್ದರು. ಎಸ್ಪನ್ಯೋಲ ದ್ವೀಪದ ಪುಂತಾ ಸುವಾರೆಸ್‌ನಲ್ಲಿ ದಾರಿ ಎಂದರೆ ಒಂದರ ಮೇಲೊಂದು ಬಿದ್ದ ಲಾವಾ ಬಂಡೆಗಳು. ನಡೆಯಲಾರದವರನ್ನು ಪಾಂಗದಲ್ಲೇ ಕೂರಿಸಿ ದಡದುದ್ದಕ್ಕೂ ಸುತ್ತಿಸಿದರು. ನಾನು ಮೇಲೆ ಅಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳ ಜೋಡಿ ಕೊಕ್ಕಿಗೆ ಕೊಕ್ಕು ತಾಗಿಸಿ ಕುಣಿಯುವುದನ್ನು ನೋಡುತ್ತಿದ್ದಾಗ ಅವರು ಕೆಳಗೆ ಕಡಲಸಿಂಹದ ಮರಿಗಳನ್ನು ಎಣಿಸುತ್ತಿದ್ದರು. ಈಗಲೂ ತಾವು ನೋಡಿದ್ದೇ ಹೆಚ್ಚು ಎನ್ನುತ್ತಾರೆ. ಚಿಕ್ಕ ದೋಣಿಯಲ್ಲಿ ನಡೆಯಲಾಗದವರಿಗೆ ಇದ್ದ ಬದಲಿ ವ್ಯವಸ್ಥೆ ಒಂದೇ: ದೋಣಿಯಲ್ಲೇ ಉಳಿದು ಪುಸ್ತಕ ಓದುವುದು.

ಇನ್ನು ರಾತ್ರಿಯ ವಿಷಯ. ಹಡಗುಗಳು ಸಾಮಾನ್ಯವಾಗಿ ರಾತ್ರಿ ಓಡಿ, ಬೆಳಗಾಗುವ ಹೊತ್ತಿಗೆ ಮುಂದಿನ ದ್ವೀಪದಲ್ಲಿ ಲಂಗರು ಹಾಕುತ್ತವೆ. ನಡುವಿನ ಸಾಂತಾ ಕ್ರೂಸ್ ದ್ವೀಪದ ಕಡೆಯಿಂದ ಹೆನೊವೇಸ ದ್ವೀಪಕ್ಕೆ ಭೂಮಧ್ಯರೇಖೆ ದಾಟಿ ಹೋಗಬೇಕು, ನಡುವೆ ಆಸರೆಗೆ ಒಂದು ದ್ವೀಪವೂ ಇಲ್ಲ. ಆ ರಾತ್ರಿ ಹದಿನಾರು ಜನರ ದೋಣಿಯಲ್ಲಿ ನನ್ನ ಸ್ಥಿತಿ ಮೊರದಲ್ಲಿ ಹಾಕಿ ಕೇರಿದ ಅಕ್ಕಿಯಂತಾಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಲಂಗರಿನ ಸರಪಳಿ ಇಳಿಯಿತು. ತಲೆದಿಂಬಿನ ಪಕ್ಕದಲ್ಲೇ ಯಾರೋ ತಗಡಿನ ಡಬ್ಬಕ್ಕೆ ಕಲ್ಲು ಸುರಿದಂತಹ ಸದ್ದು. ನ್ಯಾಯವಾಗಿ ಹೇಳಬೇಕೆಂದರೆ ಈ ಹೋಲಿಕೆ ಪೂರ್ತಿ ಸರಿಸಮವಲ್ಲ. ಮೇ ತಿಂಗಳಲ್ಲಿ ಕಡಲು ಶಾಂತ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಒರಟು. ಆದರೂ ಸೆಪ್ಟೆಂಬರ್‌ನಲ್ಲಿ ಆ ದೊಡ್ಡ ಹಡಗು ಇಷ್ಟು ಕುಣಿಯುತ್ತಿರಲಿಲ್ಲ. ವಾಂತಿ ತಡೆಯುವ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಪ್ರಯೋಜನ ಕಡಿಮೆ. ಕೋಣೆ ಆರಿಸುವಾಗ ಕೆಳ ಅಂತಸ್ತಿನ ನಡುಭಾಗ ಕೇಳಿ. ಕಿಟಕಿ ತಟ್ಟೆಯಷ್ಟಿರುತ್ತದೆ, ಎಂಜಿನ್ ಗೊಣಗುತ್ತದೆ, ಆದರೆ ತೂಗಾಟ ಅಲ್ಲೇ ಕಡಿಮೆ. ಹೆಚ್ಚು ದುಡ್ಡು ಕೊಟ್ಟು ಮೇಲಿನ ಕೋಣೆ ಹಿಡಿದಿದ್ದ ದಂಪತಿಯನ್ನು ಬೆಳಿಗ್ಗೆ ನೋಡಿದರೆ ಅಯ್ಯೋ ಎನಿಸುತ್ತಿತ್ತು.

ಇಷ್ಟೆಲ್ಲ ಕಷ್ಟಪಟ್ಟು ಸಿಕ್ಕಿದ್ದೇನು? ಪಶ್ಚಿಮದ ದ್ವೀಪಗಳು. ನಮ್ಮ ಐದು ದಿನದ ಪ್ರವಾಸ ದಕ್ಷಿಣದ ಎಸ್ಪನ್ಯೋಲ, ಫ್ಲೊರಿಯಾನ ಸುತ್ತಿ ಮುಗಿದಿತ್ತು. ಐದು ದಿನ ಎಂದರೆ ಮೊದಲ ದಿನ ಅರ್ಧ, ಕೊನೆಯ ದಿನ ಬೆಳಗಿನ ತಿಂಡಿಯಾದೊಡನೆ ವಿಮಾನ ನಿಲ್ದಾಣ. ಕೈಗೆ ಸಿಗುವುದು ಮೂರೇ ಪೂರ್ಣ ದಿನ. ಎಂಟು ದಿನದ್ದರಲ್ಲಿ ಆರು ಸಿಗುತ್ತವೆ, ಇಸಬೆಲ ದ್ವೀಪದ ಬೆನ್ನು ಸುತ್ತಿ ಫರ್ನಾಂಡಿನಕ್ಕೆ ಹೋಗಿಬರಲು ಅಷ್ಟು ಬೇಕು. ಒಂದೇ ಹಡಗು ಒಂದೇ ಜಾಗಕ್ಕೆ ಹದಿನಾಲ್ಕು ದಿನದೊಳಗೆ ಮತ್ತೆ ಬರಬಾರದೆಂಬ ನಿಯಮ 2012ರಿಂದ ಇದೆ. ಆದ್ದರಿಂದ ಒಂದು ವಾರ ಒಂದು ದಾರಿ, ಮರುವಾರ ಇನ್ನೊಂದು. ಹಡಗಿನ ಹೆಸರು ನೋಡಿ ಟಿಕೆಟ್ ಕೊಂಡರೆ ಸಾಲದು, ತಾರೀಖಿನ ಎದುರು ಯಾವ ದಾರಿ ಎಂದು ನೋಡಬೇಕು. ಇದನ್ನು ನನಗೆ ಮೊದಲೇ ಯಾರಾದರೂ ಹೇಳಿದ್ದರೆ 2019ರಲ್ಲೇ ಫರ್ನಾಂಡಿನ ನೋಡಬಹುದಿತ್ತು.

ಫರ್ನಾಂಡಿನದಲ್ಲಿ ಊರಿಲ್ಲ, ಮನೆಯಿಲ್ಲ, ಇರುವುದು ಜೀವಂತ ಜ್ವಾಲಾಮುಖಿ. ನಾವು ಹೋಗುವುದಕ್ಕೆ ಆರು ತಿಂಗಳ ಹಿಂದೆ, 2024ರ ಮಾರ್ಚ್‌ನಲ್ಲಿ, ಅದು ಸಿಡಿದಿತ್ತು. ಪುಂತಾ ಎಸ್ಪಿನೋಸದ ಕಪ್ಪು ಲಾವಾದ ಮೇಲೆ ದೊಡ್ಡ ಹಲ್ಲಿಯಂಥ ಕಡಲ ಇಗ್ವಾನಗಳು ರಾಶಿ ಬಿದ್ದು, ಮೂಗಿನಿಂದ ಉಪ್ಪುನೀರು ಚಿಮ್ಮಿಸುತ್ತ ಬಿಸಿಲು ಕಾಯುತ್ತಿದ್ದವು. ಅವುಗಳಾಚೆ ಹಾರಲಾರದ ನೀರುಕಾಗೆ. ಇಸಬೆಲ ಮತ್ತು ಫರ್ನಾಂಡಿನದ ತೀರ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಈ ಹಕ್ಕಿ ಇಲ್ಲ. ನೀರಿನಿಂದ ಎದ್ದು ಬಂದದ್ದೇ ಅದು ಎರಡೂ ರೆಕ್ಕೆ ಹರಡಿ ಒಣಗಿಸಲು ನಿಂತಿತು. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ನಿಲ್ಲುವ ನಮ್ಮ ನೀರುಕಾಗೆಯ ಭಂಗಿಯೇ, ಕಿಂಚಿತ್ತೂ ಬದಲಿಲ್ಲ. ಆದರೆ ಹರಡಲು ಅಲ್ಲಿ ರೆಕ್ಕೆಯೇ ಇಲ್ಲ, ಹರಿದ ಛತ್ರಿಯಂಥ ಎರಡು ಮೋಟು ತುಂಡುಗಳು. ಹಾರಾಟ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಒಣಗಿಸುವ ಅಭ್ಯಾಸ ಬಿಟ್ಟಿಲ್ಲ. ಮೂವತ್ತು ವರ್ಷ ನಾನು ಮಾಡಿದ ವಿಕಾಸವಾದದ ಪಾಠಗಳಲ್ಲಿ ಒಂದೂ ಆ ಒಂದು ನಿಮಿಷಕ್ಕೆ ಸಮವಾಗಿರಲಿಲ್ಲ. ಮಗಳು ಕೈಗೆ ಕರವಸ್ತ್ರ ಕೊಟ್ಟಳು. ಗಾಳಿಗೆ ಕಣ್ಣಲ್ಲಿ ನೀರು ಬಂದಿತ್ತು ಎಂದು ಹೇಳಿದೆ.

ಅಲ್ಲಿ ಕಡಲು ತಣ್ಣಗೆ. ಪಶ್ಚಿಮದಿಂದ ಆಳದಲ್ಲಿ ಹರಿದು ಬರುವ ಪ್ರವಾಹ ಈ ದ್ವೀಪಗಳಿಗೆ ಡಿಕ್ಕಿ ಹೊಡೆದು ಮೇಲೇಳುತ್ತದೆ, ಜೊತೆಗೆ ಆಹಾರವನ್ನೂ ತರುತ್ತದೆ. ಭೂಮಧ್ಯರೇಖೆಯ ಮೇಲೆ ಪೆಂಗ್ವಿನ್ ಬದುಕಿರುವ ಗುಟ್ಟು ಇದೇ. ಆ ದಿನ ನಮ್ಮ ಮಾರ್ಗದರ್ಶಿಯ ಕೈಗಡಿಯಾರ ನೀರು 18 ಡಿಗ್ರಿ ಎಂದು ತೋರಿಸುತ್ತಿತ್ತು. ಚಳಿ ತಡೆಯುವ ದಪ್ಪ ಈಜುಡುಪನ್ನು (ವೆಟ್‌ಸೂಟ್) ಬಾಡಿಗೆಗೆ ಪಡೆಯದೆ ಇಳಿಯಬೇಡಿ.

ಮಾರ್ಗದರ್ಶಿಯ ವಿಷಯದಲ್ಲಿ ಚಿಕ್ಕ ದೋಣಿ ಜೂಜು. ಎಂಟು ದಿನವೂ ಅದೇ ಒಬ್ಬರು. ನಮಗೆ ಸಿಕ್ಕವರು ಹಕ್ಕಿಗಳನ್ನು ಬಲ್ಲವರು, ಮೌನವನ್ನೂ ಬಲ್ಲವರು, ಬದುಕಿದೆವು. ದೊಡ್ಡ ಹಡಗಿನಲ್ಲಿ ಮೊದಲ ಎರಡು ದಿನ ನಮ್ಮ ಪಾಲಿಗೆ ಬಂದವರು ಕಂಠಪಾಠ ಒಪ್ಪಿಸುತ್ತಿದ್ದರು, ಮೂರನೆಯ ದಿನ ಸುಮ್ಮನೆ ಬೇರೆ ಗುಂಪಿಗೆ ಸೇರಿಕೊಂಡೆವು. ಸಹಪ್ರಯಾಣಿಕರ ವಿಷಯವೂ ಅಷ್ಟೇ. ಹದಿನಾರು ಜನ ಒಂದೇ ಮೇಜಿನಲ್ಲಿ ಉಣ್ಣುವಾಗ, ತಾನು ನೋಡಿದ ಎಪ್ಪತ್ತು ದೇಶಗಳ ಪಟ್ಟಿ ಹೇಳುವವರು ಒಬ್ಬರಿದ್ದರೂ ಸಾಕು.

ಊಟ: ದೊಡ್ಡ ಹಡಗಿನಲ್ಲಿ ಸಾಲು ಸಾಲು ಪಾತ್ರೆ, ಸಸ್ಯಾಹಾರಿಗೂ ಕೊರತೆಯಿಲ್ಲ, ರುಚಿ ಮಾತ್ರ ಹೋಟೆಲಿನದು. ಚಿಕ್ಕ ದೋಣಿಯ ಅಡುಗೆಯವರಿಗೆ ಮೀನು, ಮೊಟ್ಟೆ ಎರಡೂ ಬೇಡ ಎಂದಾಗ ಮುಖ ಸಪ್ಪಗಾಯಿತು. ಮರುದಿನದಿಂದ ಮೆನೆಸ್ತ್ರ ಬಂತು: ಬೇಳೆಯನ್ನೋ ಕಾಳನ್ನೋ ಬೇಯಿಸಿ ಗಟ್ಟಿಯಾಗಿ ಮಾಡುವ ಪದಾರ್ಥ, ಅನ್ನದ ಜೊತೆಗೆ. ನಾನು ತಂದಿದ್ದ ಸಾರಿನ ಪುಡಿ ಒಂದು ಚಮಚ ಬಿದ್ದ ಮೇಲೆ ಅದು ಹೆಚ್ಚುಕಡಿಮೆ ನಮ್ಮ ಹುಳಿಯೇ. ಬಾಳೆಕಾಯಿಯನ್ನು ಜಜ್ಜಿ ಕರಿದ ಪತಕೋನೆಸ್‌ಗೆ ಉಪ್ಪುಖಾರ ಹಾಕಿದರೆ ಸಂಜೆಯ ತಿಂಡಿಯೂ ಆಯಿತು. ಒಂದು ಎಚ್ಚರಿಕೆ: ವಿಮಾನ ಹತ್ತುವ ಮೊದಲೇ ಸಾಮಾನುಗಳನ್ನು ಜೈವಿಕ ತಪಾಸಣೆಗೆ ಒಡ್ಡಬೇಕು, ಹಣ್ಣು, ಬೀಜ ಯಾವುದೂ ಹೋಗುವಂತಿಲ್ಲ. ನನ್ನ ಪುಡಿಯ ಪೊಟ್ಟಣವನ್ನು ಮೂಸಿ ನೋಡಿ ಬಿಟ್ಟರು. ಸಾಸಿವೆಯನ್ನು ನಾನೇ ಹ್ಯೂಸ್ಟನ್‌ನಲ್ಲಿ ಬಿಟ್ಟು ಬಂದಿದ್ದೆ. ಒಗ್ಗರಣೆಗೆ ಬೀಳುವವರೆಗೂ ಅದು ಮೊಳೆಯಬಲ್ಲ ಬೀಜವೇ ತಾನೆ.

ದುಡ್ಡು: ಐದು ದಿನದ ದೊಡ್ಡ ಹಡಗಿಗೆ ತಲೆಗೆ ಸುಮಾರು 3,000 ಡಾಲರ್ ಕೊಟ್ಟಿದ್ದೆವು, ಎಂಟು ದಿನದ ಚಿಕ್ಕದಕ್ಕೆ 3,900. ದಡದ ಐದು ದಿನ ಎರಡು ಹಗಲು ಪ್ರವಾಸವೂ ಸೇರಿ 900ರೊಳಗೆ ಮುಗಿಯಿತು. ಉದ್ಯಾನದ ಪ್ರವೇಶ ಶುಲ್ಕ ವಿದೇಶಿಯರಿಗೆ 100 ಡಾಲರ್ ಇದ್ದದ್ದು 2024ರ ಆಗಸ್ಟ್ 1ರಿಂದ 200 ಆಗಿದೆ, ನಾವು ಒಂದು ತಿಂಗಳು ತಡವಾಗಿ ಹೋಗಿ ಪೂರ್ತಿ ತೆತ್ತೆವು. ಕೊನೆಯ ರಾತ್ರಿ ಸಿಬ್ಬಂದಿಗೆ ಲಕೋಟೆಯಲ್ಲಿ ಇನಾಮು ಇಡುವ ರೂಢಿಯೂ ಇದೆ, ಅದನ್ನು ಮೊದಲೇ ತೆಗೆದಿಡಿ.

ದಡದಲ್ಲಿ ಉಳಿಯುವುದು ಬಡವರ ಪಾಲಿನ ಆಯ್ಕೆ ಎಂದು ನನ್ನ ತಲೆಯಲ್ಲಿತ್ತು. ಪ್ರಾಣಿಗಳ ಲೆಕ್ಕದಲ್ಲಿ ಅದು ಮೂರನೆಯ ಸ್ಥಾನವೇ. ಹಗಲು ಪ್ರವಾಸದ ದೋಣಿ ಬಾರ್ತಲೋಮೆ ದ್ವೀಪ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿದ್ದ, ಹಡಗಿನವರು ಬೆಳಗಿನ ತಂಪಿನಲ್ಲೇ ಆ ಮರದ ಮೆಟ್ಟಿಲು ಹತ್ತಿ ಇಳಿದು ಹೋಗಿದ್ದರು. ಹೆನೊವೇಸ, ಫರ್ನಾಂಡಿನದ ಮಾತು ಎತ್ತುವಂತೆಯೇ ಇಲ್ಲ. ಸಾಂತಾ ಕ್ರೂಸ್‌ನಿಂದ ಇಸಬೆಲಕ್ಕೆ ಲಾಂಚಾ ಎಂಬ ವೇಗದ ದೋಣಿಯಲ್ಲಿ ಎರಡು ಗಂಟೆ ಎಗರಿ ಬಿದ್ದೆವು. ಏಳು ರಾತ್ರಿ ಆಗದ ವಾಂತಿ ಆ ಎರಡು ಗಂಟೆಯಲ್ಲಿ ಆಯಿತು.

ಆದರೆ ಆ ದ್ವೀಪಗಳಲ್ಲಿ ಸುಮಾರು 30 ಸಾವಿರ ಜನ ಬದುಕುತ್ತಿದ್ದಾರೆ ಎಂಬುದು ಹಡಗಿನಲ್ಲಿದ್ದಾಗ ಗೊತ್ತೇ ಆಗುವುದಿಲ್ಲ. ಸಾಂತಾ ಕ್ರೂಸ್‌ನ ಪ್ವೆರ್ತೊ ಅಯೋರ ಊರಿನ ಮೀನಿನ ಕಟ್ಟೆಯಲ್ಲಿ ಹೆಂಗಸರು ಮೀನು ಕೊಯ್ಯುತ್ತಿದ್ದರೆ ಕಡಲಸಿಂಹವೊಂದು ಮನೆಯ ಬೆಕ್ಕಿನಂತೆ ಕಾಲ ಬಳಿ ಕುಳಿತು ತಲೆ ಎತ್ತಿ ನೋಡುತ್ತಿತ್ತು, ಹಿಂದೆ ಪೆಲಿಕನ್‌ಗಳ ಸಾಲು. ಸಸ್ಯಾಹಾರಿಯಾದ ನಾನು ಅಲ್ಲಿ ಒಂದು ಗಂಟೆ ನಿಂತಿದ್ದೆ. ಇಸಬೆಲದ ಪ್ವೆರ್ತೊ ವಿಯ್ಯಮಿಲ್‌ನಲ್ಲಿ ರಸ್ತೆಗಳೇ ಮರಳು. ಊರಿನಿಂದ ಆರು ಕಿಲೋಮೀಟರ್ ಆಸುಪಾಸಿನಲ್ಲಿ ‘ಕಣ್ಣೀರಿನ ಗೋಡೆ’ ಇದೆ. 1946ರಿಂದ 1959ರವರೆಗೆ ಅಲ್ಲಿದ್ದ ಬಂದೀಖಾನೆಯ ಕೈದಿಗಳಿಂದ ಲಾವಾ ಕಲ್ಲು ಹೊರಿಸಿ ಕಟ್ಟಿಸಿದ್ದು. ಏನನ್ನೂ ಕಾಯದ, ಏನನ್ನೂ ತಡೆಯದ ಗೋಡೆ. ಹಡಗಿನ ಎರಡು ಪ್ರವಾಸದಲ್ಲೂ ಯಾರೂ ಇದರ ಹೆಸರೆತ್ತಿರಲಿಲ್ಲ.

ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ: ಕಾಲು ಗಟ್ಟಿಯಿದ್ದು, ಹೊಟ್ಟೆಯೂ ಗಟ್ಟಿಯಿದ್ದರೆ ಚಿಕ್ಕ ದೋಣಿಯಲ್ಲಿ ಎಂಟು ದಿನ, ಪಶ್ಚಿಮದ ದಾರಿ, ಸಾಧ್ಯವಾದರೆ ಮೇ ತಿಂಗಳು. ಎರಡರಲ್ಲಿ ಒಂದು ಕೈಕೊಟ್ಟಿದ್ದರೆ ದೊಡ್ಡ ಹಡಗು, ಆದರೆ ಐದು ದಿನದ್ದು ಬೇಡ. ಯಾವುದಕ್ಕೆ ಹೋದರೂ ದಡದಲ್ಲಿ ಎರಡು ದಿನ ಉಳಿಸಿಕೊಳ್ಳಿ.

ನಮ್ಮ ದಡದ ಕೊನೆಯ ದಿನ ಸಾಂತಾ ಕ್ರೂಸ್‌ನ ಎತ್ತರದ ಕಾಡಿಗೆ ಹೋಗಿದ್ದೆವು. ಅಲ್ಲಿ ಸ್ಕಲೇಸಿಯ ಎಂಬ ಮರಗಳಿವೆ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವು, ಮರದೆತ್ತರ ಬೆಳೆದು ಮಂಜಿನಲ್ಲಿ ತೊಯ್ಯುತ್ತ ನಿಂತಿರುತ್ತವೆ. ಅವುಗಳ ಬುಡದಲ್ಲಿ ಒಂದು ಮುಳ್ಳುಪೊದೆ ಹಬ್ಬಿ ಸಸಿಗಳನ್ನೆಲ್ಲ ಉಸಿರುಗಟ್ಟಿಸುತ್ತಿತ್ತು. ಕಡಿದಷ್ಟೂ ಚಿಗುರುತ್ತದೆ, ಬೀಜವನ್ನು ಹಕ್ಕಿಗಳು ಹರಡುತ್ತವೆ, ಈ ಕಾಡಿಗೆ ಇದಕ್ಕಿಂತ ದೊಡ್ಡ ಪೀಡೆಯಿಲ್ಲ ಎಂದು ಮಾರ್ಗದರ್ಶಿ ಬೇಸರದಿಂದ ಹೇಳಿದರು. ಹೆಸರು ಕೇಳಿದೆ. ರೂಬಸ್ ನಿವಿಯಸ್, ಭಾರತದ ಕಡೆಯದು, ಇಂಗ್ಲಿಷಿನವರು ‘ಮೈಸೂರು ರಾಸ್ಪ್‌ಬೆರಿ’ ಎನ್ನುತ್ತಾರೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಭಾರತದಲ್ಲಿ ನಿಮ್ಮದು ಯಾವ ಊರು ಎಂದು ವಿಚಾರಿಸಿದರು.

ಬೆಂಗಳೂರಿನ ಹತ್ತಿರ ಎಂದೆ.