ಎರಡು ಟಿಬಿ ಸಂಗೀತ ಎಲ್ಲಿಡಬೇಕು: ಮನೆಯ ಡಿಸ್ಕಿನಲ್ಲೋ, ಕ್ಲೌಡಿನಲ್ಲೋ?

ಗದಗ, ಹುಬ್ಬಳ್ಳಿ, ಧಾರವಾಡದ ಮನೆಗಳ ಅಟ್ಟದಲ್ಲಿ ಇನ್ನೂ ಎಷ್ಟೋ ಕ್ಯಾಸೆಟ್‌ಗಳು ಬಿದ್ದಿವೆ. ಮನೆಯ ಬೈಠಕ್ಕು, ಜಾತ್ರೆಯ ಅಹೋರಾತ್ರಿ ಸಂಗೀತ, ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರ ಹಾಡಿಕೆ. ಯಾವ ಕಂಪನಿಯೂ ಇವನ್ನು ಮಾರಿಲ್ಲ. ಆ ಒಂದು ಕ್ಯಾಸೆಟ್ ಹೋದರೆ ಆ ರಾತ್ರಿಯ ಹಾಡೂ ಹೋಯಿತು. ನಾವು ಕೆಲವರು ಗದಗಿನಲ್ಲಿ ಸೇರಿ ಇವನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದೇವೆ.

ಧ್ವನಿ ಸಂರಕ್ಷಣೆಯವರು ಹೇಳುವ ಅಳತೆಯಲ್ಲೇ ಇಳಿಸುತ್ತೇವೆ: 96 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲು. ಒಂದು ಗಂಟೆಯ ಸ್ಟೀರಿಯೋ ಸುಮಾರು 2 ಜಿಬಿ ಆಗುತ್ತದೆ. ಏಳುನೂರರಷ್ಟು ಕ್ಯಾಸೆಟ್ ಸೇರಿ 2 ಟಿಬಿ, ಅಂದರೆ ಎರಡು ಸಾವಿರ ಜಿಬಿ ಹತ್ತಿರ ಬಂದಿದೆ. ಇದನ್ನು ಇಡುವುದೆಲ್ಲಿ ಅಂತ ಬೇರೆ ಬೇರೆ ಕಡೆ ಇಟ್ಟು ನೋಡಿದೆವು.

ಅಂಗಡಿಯವರು ಹೇಳುವುದು ಒಂದು ಟಿಬಿಗೆ ಎಷ್ಟು ರೊಕ್ಕ ಅಂತ. ನಾನು ನೋಡಿದ್ದು ಬೇರೆ. ಇಟ್ಟ ಫೈಲು ಇಟ್ಟ ಹಾಗೇ ಇದೆಯಾ ಅಂತ ಪದೇಪದೇ ಪರೀಕ್ಷೆ ಮಾಡಲು ಎಷ್ಟು ಕಷ್ಟ, ಎಷ್ಟು ಖರ್ಚು? ಪ್ರತಿ ಫೈಲಿಗೂ ಶಾ-256 ಚೆಕ್‌ಸಮ್, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ ತೆಗೆದಿಟ್ಟಿದ್ದೇವೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆ ಬರುತ್ತದೆ. ಫೈಲುಗಳನ್ನು ಒಟ್ಟಿಗೆ ಕಟ್ಟಿಡುವ ಬ್ಯಾಗ್‌ಇಟ್ ಪದ್ಧತಿಯಲ್ಲಿ ಈ ಸಂಖ್ಯೆಗಳ ಪಟ್ಟಿ ಸಾದಾ ಟೆಕ್ಸ್ಟ್ ಫೈಲಾಗಿ ಹಾಡಿನ ಜೊತೆಗೇ ಇರುತ್ತದೆ. ಇಪ್ಪತ್ತು ವರ್ಷ ಬಿಟ್ಟು ಯಾರು ತೆಗೆದರೂ ಓದಬಹುದು.

ಮೊದಲು ಯುಎಸ್‌ಬಿ ಹಾರ್ಡ್ ಡಿಸ್ಕ್. ಎಲ್ಲಕ್ಕಿಂತ ಅಗ್ಗ. ಪರೀಕ್ಷೆಯೂ ಸುಲಭ: ರಾತ್ರಿ ಮಲಗುವಾಗ ಹಚ್ಚಿದರೆ ಬೆಳಿಗ್ಗೆ 2 ಟಿಬಿ ಪೂರ್ತಿ ಓದಿ ಮುಗಿಸಿರುತ್ತದೆ. ಬಿಲ್ ಕಟ್ಟುವ ಚಿಂತೆ ಇಲ್ಲ. ಆದರೆ ಯಾರಾದರೂ ನೆನಪಿಟ್ಟು ಕಪಾಟಿನಿಂದ ತೆಗೆಯಬೇಕು, ಹಚ್ಚಬೇಕು. ತೆಗೆಯದಿದ್ದರೆ ಅದು ಸತ್ತಿದ್ದೂ ಗೊತ್ತಾಗುವುದಿಲ್ಲ. ಎಸ್‌ಎಸ್‌ಡಿ, ಪೆನ್‌ಡ್ರೈವ್ ಮಾತ್ರ ಈ ಕೆಲಸಕ್ಕೆ ಬೇಡ. ವರ್ಷಗಟ್ಟಲೆ ಕರೆಂಟ್ ಇಲ್ಲದೆ ಇಟ್ಟರೆ ಅವುಗಳೊಳಗಿನ ಚಾರ್ಜ್ ಸೋರಿ ಮಾಹಿತಿ ಹಾಳಾಗಬಹುದು.

ನಾಸ್ ಅಂದರೆ ಮನೆಯ ನೆಟ್‌ವರ್ಕಿಗೆ ಹಚ್ಚಿಡುವ ಡಿಸ್ಕ್ ಪೆಟ್ಟಿಗೆ. ಯುಎಸ್‌ಬಿ ಡಿಸ್ಕಿಗಿಂತ ದುಬಾರಿ, ಆದರೆ ಪರೀಕ್ಷೆಯ ಕೆಲಸ ತಾನೇ ಮಾಡುತ್ತದೆ. ನಾವು ನೋಡಿದ್ದು ಎರಡು ಡಿಸ್ಕ್ ಹಿಡಿಯುವ ಸೈನಾಲಜಿ ಕಂಪನಿಯದು. ಅದರಲ್ಲಿ ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಆರಿಸಿ, ಸ್ಕ್ರಬ್ಬಿಂಗ್‌ಗೆ, ಅಂದರೆ ಡಿಸ್ಕಿನ ತಪಾಸಣೆಗೆ ವೇಳಾಪಟ್ಟಿ ಹಾಕಿಟ್ಟರೆ ಎಲ್ಲವನ್ನೂ ಓದುತ್ತದೆ. ಒಂದು ಡಿಸ್ಕಿನಲ್ಲಿ ತಪ್ಪು ಸಿಕ್ಕರೆ ಇನ್ನೊಂದರಿಂದ ಸರಿ ಮಾಡುತ್ತದೆ. ಒಂದು ಮಾತು ನೆನಪಿಡಿ: ಶೇರ್ಡ್ ಫೋಲ್ಡರ್ ಮಾಡುವಾಗಲೇ ಡೇಟಾ ಚೆಕ್‌ಸಮ್ ಆಯ್ಕೆಗೆ ಟಿಕ್ ಹಾಕಬೇಕು, ಆಮೇಲೆ ಹಾಕಲು ಬರುವುದಿಲ್ಲ. ಯುಪಿಎಸ್ ಕೂಡ ಬೇಕೇ ಬೇಕು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ನಮ್ಮ ಕಡೆ ಕರೆಂಟ್ ಹೇಗೆ ಹೋಗುತ್ತದೆ ಅಂತ ಗೊತ್ತೇ ಇದೆಯಲ್ವಾ. ಯುಪಿಎಸ್‌ನ ಯುಎಸ್‌ಬಿ ವಾಯರ್ ನಾಸ್‌ಗೆ ಹಚ್ಚಿದರೆ ಕರೆಂಟ್ ಹೋದಾಗ ನಾಸ್ ತಾನಾಗಿಯೇ ಸರಿಯಾಗಿ ಬಂದ್ ಆಗುತ್ತದೆ.

ನಾಸ್‌ನಲ್ಲಿ ಎರಡು ಡಿಸ್ಕ್ ಇದೆ ಅಂದಮಾತ್ರಕ್ಕೆ ಎರಡು ಪ್ರತಿ ಇದೆ ಅಂತ ತಿಳಿಯಬಾರದು. ಕೈತಪ್ಪಿ ಅಳಿಸಿದರೆ ಎರಡರಲ್ಲೂ ಅಳಿಸಿಹೋಗುತ್ತದೆ. ವೈರಸ್ ಹೊಕ್ಕರೂ ಅಷ್ಟೇ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯಂಥ ಸಂಸ್ಥೆಯೇ ಸೈಬರ್ ದಾಳಿಗೆ ಸಿಕ್ಕು ತಿಂಗಳುಗಟ್ಟಲೆ ಒದ್ದಾಡಿತು. ಅದಕ್ಕೇ ಮನೆಯಿಂದ ಹೊರಗೆ ಇನ್ನೊಂದು ಪ್ರತಿ ಬೇಕು.

ಕ್ಲೌಡಿನಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಗೂಗಲ್ ಡ್ರೈವ್. ಬಳಸಲು ಹಗುರ, ರೂಪಾಯಿಯಲ್ಲೇ ಬಿಲ್. ಆದರೆ ಅದು ಒಬ್ಬರ ಹೆಸರಿನ ಖಾತೆ. ಪ್ಲಾನ್ ನಿಂತು ಎರಡು ವರ್ಷ ಮಿತಿಗಿಂತ ಜಾಸ್ತಿ ಜಾಗ ಹಿಡಿದಿದ್ದರೆ ಫೈಲುಗಳನ್ನು ತೆಗೆದುಹಾಕುವ ಹಕ್ಕು ಕಂಪನಿಗಿದೆ. ಹಾಡು ಹಂಚಲು ಬಳಸುತ್ತೇವೆ, ಕಾಪಾಡಲು ಬಳಸುವುದಿಲ್ಲ.

ಅಪರೂಪಕ್ಕೆ ತೆಗೆಯುವ ಫೈಲುಗಳಿಗೆಂದೇ ಇರುವ ಅಮೆಜಾನ್‌ನ ಕ್ಲೌಡ್ ಸೇವೆ ಗ್ಲೇಸಿಯರ್ ಡೀಪ್ ಆರ್ಕೈವ್ ದರ ಕೇಳಿದರೆ ಖುಷಿಯಾಗುತ್ತದೆ. ಅಮೆರಿಕದ ಅಗ್ಗದ ವಲಯದಲ್ಲಿ ಟಿಬಿಗೆ ತಿಂಗಳಿಗೆ ಸುಮಾರು 1 ಡಾಲರ್. ಇಟ್ಟದ್ದನ್ನು 180 ದಿನದ ಒಳಗೆ ಅಳಿಸಿದರೂ ಅಷ್ಟೂ ದಿನದ ಬಾಡಿಗೆ ಕೊಡಬೇಕು. ಅದು ದೊಡ್ಡ ಮಾತಲ್ಲ. ತಿರುಗಿ ತೆಗೆಯುವಾಗಲೇ ಕಷ್ಟ ಶುರು. ಕೇಳಿದ ಮೇಲೆ ಫೈಲು ಸಿದ್ಧವಾಗಲು 12 ಗಂಟೆಯವರೆಗೆ ಕಾಯಬೇಕು, ಅಗ್ಗದ ದಾರಿ ಹಿಡಿದರೆ 48 ಗಂಟೆ. ಆಮೇಲೆ ಇಂಟರ್ನೆಟ್ಟಿನಲ್ಲಿ ಹೊರಗೆ ತರಲು ಮೊದಲ 100 ಜಿಬಿ ಬಿಟ್ಟು ಪ್ರತಿ ಜಿಬಿಗೆ 9 ಸೆಂಟ್. ನಮ್ಮ 2 ಟಿಬಿ ಒಮ್ಮೆ ಪೂರ್ತಿ ತರಿಸಲು ಹದಿನೈದು ಸಾವಿರ ರೂಪಾಯಿ ಸಮೀಪ ಬೀಳುತ್ತದೆ. ಕೆಲವೇ ಫೈಲು ತರಿಸಿ ನೋಡಿದಾಗ ಚೆಕ್‌ಸಮ್ ಸರಿಯಾಗೇ ಬಂತು. ಆದರೆ ವರ್ಷಕ್ಕೊಮ್ಮೆ ಎಲ್ಲವನ್ನೂ ನೋಡಲು ನಮ್ಮಂಥವರ ಕೈಯಲ್ಲಿ ಆಗುವುದಿಲ್ಲ. ಬೇರೆ ಎಲ್ಲ ಪ್ರತಿಯೂ ಹೋದಾಗ ಮಾತ್ರ ಬಾಗಿಲು ತಟ್ಟುತ್ತೇವೆ ಅನ್ನುವವರಿಗೆ ಅದು ಚೆನ್ನಾಗಿದೆ.

ಬ್ಯಾಕ್‌ಬ್ಲೇಜ್ ಕಂಪನಿಯ ಕ್ಲೌಡ್ ಸೇವೆ ಬಿ2 ದರ ನಾವು ಬಳಸಲು ಶುರು ಮಾಡಿದಾಗ ಟಿಬಿಗೆ ತಿಂಗಳಿಗೆ 6 ಡಾಲರ್ ಇತ್ತು. ಡೀಪ್ ಆರ್ಕೈವ್‌ನ ಆರು ಪಟ್ಟು! ಆದರೂ ನನ್ನ ಒಲವು ಇದರ ಕಡೆಗೇ. ಇಟ್ಟದ್ದರ ಮೂರು ಪಟ್ಟಿನವರೆಗೆ ತಿಂಗಳಿಗೆ ಪುಕ್ಕಟೆ ಇಳಿಸಿಕೊಳ್ಳಬಹುದು. ಅಂದರೆ ಎಲ್ಲವನ್ನೂ ತರಿಸಿ ನಮ್ಮ ಪಟ್ಟಿಗೆ ಹೋಲಿಸಿದರೂ ಹೆಚ್ಚಿನ ಬಿಲ್ ಬರುವುದಿಲ್ಲ. ಆಬ್ಜೆಕ್ಟ್ ಲಾಕ್ ಅನ್ನುವ ಬೀಗ ಹಾಕಿದರೆ ಗೊತ್ತುಮಾಡಿದ ತಾರೀಖಿನವರೆಗೆ ಫೈಲನ್ನು ಅಳಿಸಲೂ ಆಗುವುದಿಲ್ಲ. ಭಾರತದಲ್ಲಿ ಅವರ ಡೇಟಾ ಸೆಂಟರ್ ಇಲ್ಲ, ಆದರೆ ದಿನಾ ತೆಗೆಯುವ ಫೈಲಲ್ಲವಾದ್ದರಿಂದ ನಮಗೇನೂ ತೊಂದರೆಯಾಗಲಿಲ್ಲ. ಹೋಲಿಸುವ ಕೆಲಸಕ್ಕೆ ಆರ್‌ಕ್ಲೋನ್ ಅನ್ನುವ ಉಚಿತ ತಂತ್ರಾಂಶ ಸಾಕು. ಈ ಮೂರೂ ಸೇವೆಗಳ ಜೊತೆ ಅದು ಮಾತಾಡುತ್ತದೆ.

ಫೈಲು ಏರಿಸಲು ಮಾತ್ರ ತಾಳ್ಮೆ ಬೇಕು. 100 ಎಂಬಿಪಿಎಸ್ ಫೈಬರಿನಲ್ಲಿ 2 ಟಿಬಿಗೆ ಲೆಕ್ಕದ ಪ್ರಕಾರ ಎರಡು ದಿನ ಸಾಕು, ನಿಜವಾಗಿ ಬಹಳ ಜಾಸ್ತಿ ಹಿಡಿಯಿತು. ಅನ್‌ಲಿಮಿಟೆಡ್ ಅನ್ನುವ ಎಷ್ಟೋ ಪ್ಲಾನ್‌ಗಳಲ್ಲಿ ತಿಂಗಳಿಗೆ 3.3 ಟಿಬಿ ಮಿತಿ ಇರುತ್ತದೆ, ಮೊದಲೇ ನೋಡಿಕೊಳ್ಳಿ.

ಕ್ಯಾಸೆಟ್ ಕೊಟ್ಟ ಬೆಟಗೇರಿಯ ಹಿರಿಯರೊಬ್ಬರು ಕೇಳಿದರು: “ತಮ್ಮಾ, ನಿನ್ನ ನಂತರ ಇದರ ರೊಕ್ಕಾ ಯಾರು ಕಟ್ತಾರು?” ಇಷ್ಟೆಲ್ಲ ಹೋಲಿಕೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಬಿಲ್ ನಿಂತರೆ ಕ್ಲೌಡ್ ಪ್ರತಿ ಉಳಿಯುವುದಿಲ್ಲ. ಕಪಾಟಿನ ಡಿಸ್ಕ್ ಆಗಲೂ ಇರುತ್ತದೆ. ಹಾಗಾಗಿ ಎರಡರಲ್ಲಿ ಒಂದನ್ನು ಬಿಡಲು ನಾನು ಒಪ್ಪುವುದಿಲ್ಲ.

ಈಗ ನಮ್ಮ ಏರ್ಪಾಡು ಹೀಗಿದೆ: ಗದಗಿನಲ್ಲಿ ನಾಸ್, ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ ಯುಎಸ್‌ಬಿ ಡಿಸ್ಕ್, ಮೂರನೆಯದು ಬಿ2. ದಸರೆಗೆ ಅಕ್ಕನ ಮನೆಗೆ ಹೋದಾಗ ಡಿಸ್ಕಿನ ಪರೀಕ್ಷೆ ಆಗುತ್ತದೆ. ಬಿ2 ಖಾತೆಯ ವಿವರ ಗುಂಪಿನ ಇನ್ನಿಬ್ಬರ ಹತ್ತಿರವೂ ಇದೆ, ಹಣ ಎಲ್ಲರ ವಂತಿಗೆಯಿಂದ ಹೋಗುತ್ತದೆ. ನಿಮ್ಮದು 200 ಜಿಬಿ ಒಳಗಿದ್ದರೆ ನಾಸ್ ಕೊಳ್ಳಬೇಡಿ. ಎರಡು ಡಿಸ್ಕ್ ತಂದು ಎರಡು ಊರಲ್ಲಿಡಿ, ಮೂರನೆಯ ಪ್ರತಿ ಬಿ2ಗೆ ಹಾಕಿ. ಆ 6 ಡಾಲರ್ ದರದಲ್ಲಿ ಬಿ2 ಬಿಲ್ ತಿಂಗಳಿಗೆ ನೂರು ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತಿತ್ತು.